ದೊಡ್ಡ ಕ್ಯಾನ್ವಾಸಿಗೆ ಕೈ ಹಾಕುವ ಮುನ್ನ

ಎರಡೂ ಬದಿಯ ಅಳತೆ ದುಪ್ಪಟ್ಟಾದರೆ ಬಣ್ಣ ಹಚ್ಚುವ ಜಾಗ ನಾಲ್ಕು ಪಟ್ಟಾಗುತ್ತದೆ. 8×10 ಇಂಚಿನ ಕ್ಯಾನ್ವಾಸ್ 80 ಚದರ ಇಂಚು. 24×30 ಅಂದರೆ 720, ಅಂದರೆ ಒಂಬತ್ತು ಪಟ್ಟು. ಬಣ್ಣವೂ ಹೆಚ್ಚುಕಮ್ಮಿ ಅದೇ ಲೆಕ್ಕದಲ್ಲಿ ಖರ್ಚು. ಸಂಯೋಜನೆ, ಅಂದರೆ ಚಿತ್ರದಲ್ಲಿ ಯಾವುದು ಎಲ್ಲಿರಬೇಕು ಎಂಬ ಜೋಡಣೆ, ಇನ್ನೂ ಗಟ್ಟಿಯಾಗಿಲ್ಲ ಅಂದರೆ ಸಣ್ಣದರಲ್ಲೇ ಮೂರ್ನಾಲ್ಕು ಮಾಡಿ ನೋಡಿ, ಕೆಟ್ಟರೂ ನಷ್ಟ ಕಡಿಮೆ.

ದೊಡ್ಡದಕ್ಕೆ ಇಳಿಸುವಾಗ ಅನುಪಾತ ಒಂದೇ ಇರಲಿ. 9×12ರ ಚಿತ್ರವನ್ನು 24×36ಕ್ಕೆ ಹಿಗ್ಗಿಸಿದರೆ ಉದ್ದದಲ್ಲಿ 4 ಇಂಚು ಖಾಲಿ ಉಳಿಯುತ್ತದೆ. ಅದನ್ನು ತುಂಬಲು ಹೋಗಿ ಸಂಯೋಜನೆಯೇ ಸಡಿಲವಾಗುತ್ತದೆ.

ಅಕ್ರಿಲಿಕ್‌ನಲ್ಲಿ ಹೆಚ್ಚಿನವರು ಎಡವುವುದು ಆಕಾಶದಂಥ ಬಯಲು ಜಾಗದಲ್ಲಿ. ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಹಿಂದಿನ ಅಂಚು ಒಣಗಿ ಗೆರೆ ಎದ್ದು ಕಾಣುತ್ತದೆ. ಅರ್ಧ ಇಂಚಿನ ಬ್ರಷ್ ಬದಿಗಿಟ್ಟು 2–3 ಇಂಚಿನ ಚಪ್ಪಟೆ ಬ್ರಷ್ ಹಿಡಿಯಿರಿ, ಆಗಾಗ ನೀರು ಸಿಂಪಡಿಸಿ. ಬಣ್ಣ ನಿಧಾನವಾಗಿ ಒಣಗಲೆಂದು ಬೆರೆಸುವ ರಿಟಾರ್ಡರ್ ಬಳಸುವುದಾದರೆ ಬಾಟಲಿಯ ಮೇಲಿನ ಮಿತಿ ದಾಟಬೇಡಿ, ಹೆಚ್ಚಾದರೆ ಬಣ್ಣ ಅಂಟಂಟಾಗಿಯೇ ಉಳಿಯುತ್ತದೆ. ಬೇಕಾದಷ್ಟು ಬಣ್ಣವನ್ನು ಒಮ್ಮೆಲೇ ಕಲಸಿ ಮುಚ್ಚಳದ ಡಬ್ಬಿಯಲ್ಲಿಡಿ. ಅಕ್ರಿಲಿಕ್ ಒಣಗಿದ ಮೇಲೆ ತುಸು ಗಾಢವಾಗುತ್ತದೆ, ಹಾಗಾಗಿ ಮಧ್ಯದಲ್ಲಿ ಮತ್ತೆ ಕಲಸಿದ್ದು ಸರಿಹೊಂದುವುದು ಕಷ್ಟ.

ಬೆರಳಿನ ಬಲದಿಂದ ಎಳೆದ ಗೆರೆ ದೊಡ್ಡದರಲ್ಲಿ ತುಂಡುತುಂಡಾಗಿ ಕಾಣುತ್ತದೆ. ನಿಂತು, ಭುಜದಿಂದ ಕೈ ಬೀಸಿ. ಆಗಾಗ ಆರೇಳು ಅಡಿ ಹಿಂದೆ ಸರಿದು ನೋಡಿ. ಅಷ್ಟು ಜಾಗವಿಲ್ಲದ ಕೋಣೆಯಲ್ಲಿ ದೊಡ್ಡ ಕ್ಯಾನ್ವಾಸ್ ಬೇಡವೇ ಬೇಡ.

ಚೌಕಟ್ಟಿನ ಪಟ್ಟಿ 3 ಅಡಿ ದಾಟಿದರೆ ಹಿಂದೆ ಅಡ್ಡಪಟ್ಟಿ ಹಾಕಿಸಿ, ಇಲ್ಲದಿದ್ದರೆ ಬಟ್ಟೆಯ ಬಿಗಿತಕ್ಕೆ ಪಟ್ಟಿ ಒಳಕ್ಕೆ ಬಾಗುತ್ತದೆ. ಬಟ್ಟೆ ಜೋತರೆ ಮೂಲೆಯ ಬೆಣೆಗಳನ್ನು ಮೆಲ್ಲಗೆ ಬಡಿದರೆ ಸಾಕು. ಹಾಂ, ಬಾಗಿಲಿನ ಅಗಲವನ್ನೂ ಮೊದಲೇ ಅಳೆದುಕೊಳ್ಳಿ.