ಅಮಾಸೆ ಸಂಜೆ ಮಾಳಿಗೆ ಮೇಲೆ

ಬಳ್ಳಾರಿಯ ಕೌಲ್ ಬಜಾರ್ ಕಡೆ ಪ್ರತಿ ಅಮಾಸೆ ಸಂಜೆ ನಾವೊಂದಿಷ್ಟು ಜನ ನಮ್ಮ ಮನೆಯ ಮಾಳಿಗೆ ಮೇಲೆ ಸೇರುತ್ತೇವೆ. ಹಾಡುತ್ತೇವೆ, ಮನಸ್ಸಿನ ಭಾರ ಹೇಳಿಕೊಳ್ಳುತ್ತೇವೆ. ಜಮಖಾನ ಹಾಸಿ, ಎಲ್ಲರನ್ನೂ ಕೂರಿಸಿ, ಕೂಟ ನಡೆಸಿಕೊಂಡು ಹೋಗುವುದು ನನ್ನ ಕೆಲಸ.

ಅಮಾಸೆಯನ್ನೇ ಆರಿಸಿದ್ದಕ್ಕೆ ಕಾರಣ ಇದೆ. ನಮ್ಮ ಓಣಿಯಲ್ಲಿ ಬಹಳ ಹೆಂಗಸರು ಜೀನ್ಸ್ ಹೊಲಿಯುವವರು. ಪೀಸಿನ ಲೆಕ್ಕದಲ್ಲಿ ಕೂಲಿ. ‘ದುಃಖ ಹೇಳಿಕೊಂಡು ಬರ್ತೀನಿ’ ಅಂದರೆ ಯಾವ ಮನೆಯಲ್ಲಿ ಕಳಿಸುತ್ತಾರೆ? ‘ಅಮಾಸೆ ಭಜನೆ ಐತಿ’ ಅಂದರೆ ಯಾರೂ ತಡೆಯುವುದಿಲ್ಲ.

ದುಡ್ಡು ತಗೊಳ್ಳುವುದಿಲ್ಲ, ಕಾಣಿಕೆ ತಟ್ಟೆಯನ್ನೂ ಇಡುವುದಿಲ್ಲ. ತಟ್ಟೆ ಎದುರಿಗೆ ಬಂದಾಗ ಕೈಯಲ್ಲಿ ಏನೂ ಇಲ್ಲದವಳು ಮುಂದಿನ ಸಲ ಬರುವುದೇ ಇಲ್ಲ. ನಮಗೆ ಬೇಕಾದವಳು ಅವಳೇ ಅಲ್ವಾ? ಚಹಾದ ಖರ್ಚು ಮಾತ್ರ, ಅದನ್ನು ನಾವೇ ನೋಡಿಕೊಳ್ಳುತ್ತೇವೆ.

ಮೊದಲು ಹಾಡು. ಯಾರೋ ತತ್ವಪದ ಎತ್ತುತ್ತಾರೆ, ಇನ್ನೊಬ್ಬರು ತಾಳ ಹಿಡಿಯುತ್ತಾರೆ. ವಯಸ್ಸಾದ ಅಜ್ಜ ಒಬ್ಬರು ಮೊಹರಂ ರಿವಾಯತ್ ಪದ ಹಾಡುತ್ತಾರೆ. ಕರ್ಬಲಾದ ಕಥೆ, ಮಕ್ಕಳನ್ನು ಕಳಕೊಂಡವರ ಅಳು. ಈ ಪದಗಳನ್ನು ನಮ್ಮ ಸೀಮೆಯಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ಹಾಡುತ್ತಾರೆ. ಅಜ್ಜನ ಪದ ಶುರುವಾದರೆ ಕಣ್ಣು ಒರೆಸಿಕೊಳ್ಳುವವರೇ ಜಾಸ್ತಿ. ಅಲ್ಲಿ ಅತ್ತರೆ ‘ಯಾಕೆ ಅಳ್ತೀ’ ಅಂತ ಕೇಳುವವರಿಲ್ಲ. ಹಾಡಿಗೆ ಅತ್ತ ಮೇಲೆ ತನ್ನ ಮಾತು ಹೇಳುವುದು ಸಲೀಸು.

ಆಮೇಲೆ ಬೇಕಾದವರು ಮಾತಾಡಬಹುದು. ನಿಯಮ ಒಂದೇ: ಉಪದೇಶ ಬೇಡ. ‘ಎಲ್ಲಾ ದೇವರ ಇಚ್ಛೆ, ಸಮಾಧಾನ ಮಾಡ್ಕೋ’ ಅನ್ನುವಂತಿಲ್ಲ. ಮಗನನ್ನು ಕಳಕೊಂಡ ಒಬ್ಬ ತಾಯಿ ಬಹಳ ತಿಂಗಳು ಸುಮ್ನೆ ಬಂದು ಹೋಗುತ್ತಿದ್ದರು. ಒಂದು ಸಂಜೆ ಅವನ ಹೆಸರು ಹೇಳಿದರು. ಅವನಿಗೆ ಇಷ್ಟವಾದ ಅಡಿಗೆ, ಅವನ ಜಗಳ, ಎಲ್ಲಾ ಹೇಳಿದರು. ನಾವು ಕೇಳಿದೆವು, ಅಷ್ಟೇ. ‘ಮನೆಯಾಗ ಅವನ ಹೆಸರು ಯಾರೂ ತೆಗಿಯಂಗಿಲ್ಲಕ್ಕ’ ಅಂದರು. ಈಗ ಹೊಸಬರ ಪಕ್ಕ ಹೋಗಿ ಕೂರುವವರು ಅವರೇ.

ಆದರೆ ಹಾಡು, ಮಾತು ಎಲ್ಲದಕ್ಕೂ ಸಾಲುವುದಿಲ್ಲ. ವಾರಗಟ್ಟಲೆ ನಿದ್ದೆ ಇಲ್ಲದವರು, ಸಾಯುವ ಮಾತಾಡುವವರು ಬಂದರೆ ನಾನು ಅವರ ಜೊತೆಗೇ ಕೂತು ಟೆಲಿ ಮಾನಸ್‌ಗೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ, ಫೋನ್ ಹಚ್ಚುತ್ತೇನೆ. ನಂಬರ್ 14416, ಹಗಲು ರಾತ್ರಿ ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಬೇಕಾದರೆ ಆಸ್ಪತ್ರೆಗೂ ಜೊತೆ ಹೋಗುತ್ತೇನೆ. ‘ಹುಚ್ಚು ಅಂತಾರೆ’ ಎಂದು ಹೆದರುವವರಿಗೆ ನಮ್ಮ ಜಿಲ್ಲೆಯ ಕಥೆಯನ್ನೇ ಹೇಳುತ್ತೇನೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿಯ ಹಳ್ಳಿ ಆಸ್ಪತ್ರೆಗಳ ವೈದ್ಯರಿಗೆ ಮನಸ್ಸಿನ ಕಾಯಿಲೆ ಗುರುತಿಸಿ ಔಷಧ ಕೊಡಲು ಕಲಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ದೇಶಕ್ಕೇ ದಾರಿ ತೋರಿಸಿದ ಊರಿನವರು ನಾವು, ನಮಗೇಕೆ ನಾಚಿಕೆ?

ಈಚೆಗೆ ಕೆಲವರು ದೊಡ್ಡ ಪ್ರವಚನಕಾರರನ್ನು ಕರೆಸೋಣ, ಜನ ಜಾಸ್ತಿ ಬರುತ್ತಾರೆ ಅನ್ನುತ್ತಿದ್ದಾರೆ. ಪ್ರವಚನದ ಮೇಲೆ ನನಗೂ ಗೌರವ ಇದೆ, ಹೋಗಿ ಕೇಳುತ್ತೇನೆ. ಈ ಮಾಳಿಗೆಗೆ ಮಾತ್ರ ಬೇಡ ಅಂದಿದ್ದೇನೆ. ಒಬ್ಬರು ಎತ್ತರದಲ್ಲಿ ಕೂತು ಮಾತಾಡಿದರೆ ಆ ತಾಯಿಯಂಥವರು ಮತ್ತೆ ಬಾಯಿ ಬಿಡುವುದಿಲ್ಲ.