ಛತ್ರಿ ತಗುಲಿ ಹೊಗೆಯಾಗುವ ಚಂದ್ರವಾಸಿ: ಮೆಲಿಯೆಸ್ ತಂತ್ರವನ್ನು ಮನೆಯಲ್ಲೇ ಮಾಡುವ ಬಗೆ

ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಮಕ್ಕಳಿಗೆ ನಾನು ಮೊದಲು ತೋರಿಸುವುದು ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ತೆಗೆದ 1902ರ ಮೂಕಿ ಚಿತ್ರ ‘ಎ ಟ್ರಿಪ್ ಟು ದ ಮೂನ್’. ಖಗೋಳಶಾಸ್ತ್ರಜ್ಞನ ಛತ್ರಿಯ ಏಟಿಗೆ ಚಂದ್ರವಾಸಿ ಹೊಗೆಯಾಗುತ್ತಾನೆ. ‘ಇನ್ನೊಮ್ಮೆ ಹಾಕಿ’ ಎಂದು ಮಕ್ಕಳು ಕೂಗುತ್ತಾರೆ. ನಾನು ಹಾಕುವುದಿಲ್ಲ. ಎಲ್ಲರನ್ನೂ ಜಗಲಿಗೆ ಕರೆದೊಯ್ಯುತ್ತೇನೆ.

ಮೊಬೈಲ್ ಕೂದಲೆಳೆಯಷ್ಟೂ ಕದಲಬಾರದು. ಸ್ಟೂಲಿನ ಮೇಲೆ ಎರಡು ಇಟ್ಟಿಗೆಗಳ ನಡುವೆ ಸಿಕ್ಕಿಸಿಡಿ. ನೇರ ಬಿಸಿಲು ಬೇಡ, ಸರಿಯುವ ನೆರಳು ಗುಟ್ಟು ಬಿಟ್ಟುಕೊಡುತ್ತದೆ. ಜಾರ್ಜ್ ಮೆಲಿಯೆಸ್ ಹಗಲಿನ ಬೆಳಕನ್ನೇ ನಂಬಿ 1897ರಲ್ಲಿ ಪ್ಯಾರಿಸ್ ಪಕ್ಕದ ಮೊಂತ್ರೇಯಲ್ಲಿ ಗಾಜಿನ ಸ್ಟುಡಿಯೊ ಕಟ್ಟಿಸಿದ್ದರು.

ಒಬ್ಬ ಚಂದ್ರವಾಸಿಯಾಗಲಿ, ಇನ್ನೊಬ್ಬಳು ಛತ್ರಿ ಹಿಡಿಯಲಿ. ಛತ್ರಿ ತಗುಲಿದೊಡನೆ ‘ನಿಲ್ಲು’ ಎನ್ನಿ. ರೆಕಾರ್ಡಿಂಗ್ ನಡೆಯುತ್ತಲೇ ಇರಲಿ. ಛತ್ರಿಯವಳು ನಿಂತ ಜಾಗ ಬಿಡದಿರಲಿ, ಚಂದ್ರವಾಸಿ ಮಾತ್ರ ಹೊರನಡೆಯಲಿ. ಅವನಿದ್ದ ಜಾಗಕ್ಕೆ ಒಂದು ಹಿಡಿ ಅಕ್ಕಿ ಹಿಟ್ಟು ಎರಚಿ. ರಂಗೋಲಿ ಪುಡಿ ಬೇಡ, ಕಣ್ಣು ಉರಿಯುತ್ತದೆ. ಅದೇ ಗಳಿಗೆಗೆ ಛತ್ರಿಯನ್ನು ಮತ್ತೊಮ್ಮೆ ಮೇಲಿನಿಂದ ಬೀಸಬೇಕು.

ನಿಜವಾದ ಕೆಲಸ ಇನ್ನು ಮುಂದೆ. ಪ್ಯಾರಿಸ್ಸಿನ ಒಪೆರಾ ಚೌಕದಲ್ಲಿ ಕ್ಯಾಮೆರಾ ಸಿಕ್ಕಿಕೊಂಡು, ಮತ್ತೆ ಓಡುವಷ್ಟರಲ್ಲಿ ಎದುರಿನ ವಾಹನ ಬದಲಾಗಿ, ತೆರೆಯ ಮೇಲೆ ಬಸ್ಸೊಂದು ಶವವಾಹನವಾಯಿತೆಂದು ಮೆಲಿಯೆಸ್ ಹೇಳಿಕೊಂಡಿದ್ದರು. ಹಾಗಾಗಿ ಕ್ಯಾಮೆರಾ ನಿಲ್ಲಿಸಿದರೆ ಮುಗಿಯಿತು ಎಂದು ಎಷ್ಟೋ ಜನ ಭಾವಿಸುತ್ತಾರೆ. ಆದರೆ ಅವರ ಫಿಲ್ಮುಗಳಲ್ಲಿ ಕತ್ತರಿಸಿ ಅಂಟಿಸಿದ ಗುರುತುಗಳಿವೆ. ಒಂದೊಂದು ಮಾಯೆಗೂ ಅವರು ಕತ್ತರಿ ಹಿಡಿದು ಕೂತಿದ್ದರು. ನನಗೆ ಅವರು ದೊಡ್ಡವರಾಗಿ ಕಾಣುವುದು ಅಲ್ಲಿಯೇ.

ಮೊದಲ ವರ್ಷ ನಾನು ವಿಡಿಯೊವನ್ನು ಛತ್ರಿ ನಿಂತಲ್ಲಿ ಕತ್ತರಿಸಿದೆ. ಏಟು ತೊದಲಿದಂತೆ ಕಂಡಿತು. ಛತ್ರಿ ಇನ್ನೂ ಇಳಿಯುತ್ತಿರುವಾಗಲೇ ಕತ್ತರಿಸಿ, ನಡುವಿನದನ್ನು ತೆಗೆದು, ಎರಡನೆಯ ಬೀಸಿನಲ್ಲಿ ಅದೇ ಎತ್ತರಕ್ಕೆ ಬಂದ ಚೌಕಟ್ಟಿಗೆ (ಫ್ರೇಮಿಗೆ) ಜೋಡಿಸಿ. ಒಂದೊಂದೇ ಚೌಕಟ್ಟು ಹಿಂದೆ ಮುಂದೆ ಸರಿಸಿ ನೋಡಿ. ಅರ್ಧ ಗಂಟೆ ಹಿಡಿದರೂ ಬೇಸರ ಬೇಡ.

ಚಂದ್ರ ಹತ್ತಿರ ಬರಬೇಕಾದರೆ ಜೂಮ್ ಮುಟ್ಟಬೇಡಿ. ಮೆಲಿಯೆಸ್ ಚಂದ್ರನ ಮುಖವಾದ ನಟನಿಗೆ ಕುತ್ತಿಗೆಯವರೆಗೆ ಕಪ್ಪು ಮಖಮಲ್ಲು ಹೊದಿಸಿ, ಹಳಿಯ ಮೇಲಿನ ಕುರ್ಚಿಯಲ್ಲಿ ಕೂರಿಸಿ ಕ್ಯಾಮೆರಾದತ್ತ ಎಳೆಸಿದರು. ನಮಗೆ ಕಪ್ಪು ಶಾಲು, ಗಾಲಿ ಕುರ್ಚಿ ಸಾಕು.

ಮಕ್ಕಳ ಕೆಲಸವನ್ನು ಅಳಿಸದೆ ಎರಡು ಕಡೆ ಉಳಿಸಿಡಿ. 1923ರಲ್ಲಿ ಮೆಲಿಯೆಸ್ ಹತಾಶರಾಗಿ ತಮ್ಮ ನೆಗೆಟಿವ್‌ಗಳನ್ನು ತಾವೇ ಸುಟ್ಟರು. ಆಮೇಲೆ ಮೊಂಪಾರ್ನಾಸ್ ರೈಲು ನಿಲ್ದಾಣದಲ್ಲಿ ಆಟಿಕೆ ಮಾರಿದರು. ಈ ಚಿತ್ರದ ಕೈಬಣ್ಣದ ಪ್ರತಿ 1993ರಲ್ಲಿ ಬಾರ್ಸಿಲೋನಾದಲ್ಲಿ ಸಿಕ್ಕಿತೆಂಬುದನ್ನು ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಎಲ್ಲ ಮುಗಿದ ಮೇಲೆ ಮೂಲ ಚಿತ್ರವನ್ನು ಮತ್ತೆ ಹಾಕಿ. ಹೋದ ಸಲ ನಮ್ಮ ಮಕ್ಕಳಲ್ಲಿ ಯಾರೂ ಹೊಗೆಯನ್ನು ನೋಡಲಿಲ್ಲ. ಎಲ್ಲರ ಕಣ್ಣೂ ಛತ್ರಿಯ ತುದಿಯ ಮೇಲಿತ್ತು.