ಬಾಲೇವಾಡಿಗೆ ಬರುವ ನಮ್ಮವರಿಗೆ: .22 ಗುಂಡು ಮೇಲೆ-ಕೆಳಗೆ ಚದುರುತ್ತಿದ್ದರೆ

ಪುಣೆಯ ಬಾಲೇವಾಡಿ ಶೂಟಿಂಗ್ ರೇಂಜಿನಲ್ಲಿ .22 (0.22 ಇಂಚು ಅಳತೆಯ) ರೈಫಲಿನಿಂದ ಮಲಗಿ ಹೊಡೆಯುವಾಗ ಗುಂಡು ಅಡ್ಡಕ್ಕೆ ಸರಿಯಾಗಿ ಬಿದ್ದು, ಎತ್ತರದಲ್ಲಿ ಮಾತ್ರ ಚದುರುತ್ತಿತ್ತು. 50 ಮೀಟರ್ ಟಾರ್ಗೆಟ್‌ನ ಹತ್ತು ಅಂಕದ ವೃತ್ತದ ಅಗಲ ಬರೀ 10.4 ಮಿ.ಮೀ. ಸೈಟ್ ಬಿಗಿ ಮಾಡಿದೆ, ಟ್ರಿಗರ್ ತೂಕ ಬದಲಿಸಿದೆ, ದುಬಾರಿ ಗುಂಡಿನ ಡಬ್ಬಿ ತಂದೆ, ಅದೇ ಕಥೆ. ಹೈ ವೆಲಾಸಿಟಿ ಗುಂಡಂತೂ ಬೇಡವೇ ಬೇಡ, ದಾರಿಯಲ್ಲೇ ಶಬ್ದದ ವೇಗಕ್ಕಿಂತ ಕೆಳಗಿಳಿಯುವಾಗ ಅಲುಗಾಡುತ್ತದೆ.

ಫಲ ಕೊಟ್ಟದ್ದು ಲಾಟ್ (ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಕಂತು) ಪರೀಕ್ಷೆ. ಒಂದೇ ಹೆಸರಿನ ಡಬ್ಬಿಯಾದರೂ ಲಾಟ್ ನಂಬರ್ ಬೇರೆಯಾದರೆ ಬ್ಯಾರೆಲ್‌ಗೆ ಒಗ್ಗುವುದೂ ಬೇರೆ. 40 ಗ್ರೇನ್ (ಸುಮಾರು 2.6 ಗ್ರಾಂ) ತೂಕದ, ಸೆಕೆಂಡಿಗೆ 320–330 ಮೀಟರ್ ವೇಗದವುಗಳಲ್ಲೇ ಹುಡುಕಿ. ಮೊದಲು ಬ್ಯಾರೆಲ್ ಒರೆಸಿ. ಹೊಸ ಲಾಟಿನ ಗುಂಡಿನ ಮೇಲಿರುವ ಮೇಣ ಬ್ಯಾರೆಲ್ ಒಳಗೆ ಹತ್ತಲು 15 ಗುಂಡು ಲೆಕ್ಕಕ್ಕಿಲ್ಲದೆ ಹಾರಿಸಿ. ಆಮೇಲೆ ರೈಫಲನ್ನು ರೆಸ್ಟ್ (ಅಲುಗದಂತೆ ಹಿಡಿಯುವ ಆಧಾರ) ಮೇಲಿಟ್ಟು ಹತ್ತು ಹತ್ತು ಗುಂಡಿನ ಎರಡು ಗುಂಪು. ಐದರ ಗುಂಪು ಮೋಸ ಮಾಡುತ್ತದೆ. ಎತ್ತರದಲ್ಲಿ ಕಡಿಮೆ ಚದುರಿದ ಲಾಟನ್ನೇ, ಲೈಸೆನ್ಸಿನ ಮಿತಿಯೊಳಗೆ, ಸೀಸನ್ನಿಗಾಗುವಷ್ಟು ಕೊಳ್ಳಿ.